ಊರ ಗಡಿಯವರೆಗೆ ಹೋಗಿ ಕಳಿಸಿಬಂದವರು: ಚಂದ್ರಾ ದೂರದರ್ಶಕ ಮೇಲೇರಿದ ಬಗೆ

ಒಂದು ಮೊಳೆಯಿಂದ ಶುರುಮಾಡುತ್ತೇನೆ. ಉದ್ದ ಹೆಚ್ಚೂಕಡಿಮೆ ಒಂದಿಂಚು, ದಪ್ಪ ಬೆಂಕಿಕಡ್ಡಿಗಿಂತ ತುಸು ಹೆಚ್ಚು, ಮೈಮೇಲೆ ಚಿನ್ನದ ಲೇಪ. 1999ರ ಜುಲೈ 23ರಂದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಕೊಲಂಬಿಯಾ ಸ್ಪೇಸ್ ಶಟಲ್‌ನ ಎಂಜಿನ್ನುಗಳು ಹೊತ್ತಿಕೊಂಡಾಗ ಈ ಮೊಳೆ ತಾನಿದ್ದ ಜಾಗದಿಂದ ಕಿತ್ತುಕೊಂಡು, ಬಂದೂಕಿನ ಗುಂಡಿನ ಹಾಗೆ ಹಾರಿ, ಎಂಜಿನ್ನಿನ ಒಳಗೋಡೆಗೆ ಬಡಿದು ಹೊರಗೆ ಹೋಯಿತು. ಅಲ್ಲಿ ಆಗ ನಡುರಾತ್ರಿ ಕಳೆದು 31 ನಿಮಿಷ. ನಮ್ಮಲ್ಲಿ ಬೆಳಿಗ್ಗೆ 10 ಗಂಟೆ 1 ನಿಮಿಷ. ನೌಕೆಯ ಮೂತಿಯಲ್ಲಿ ಐದು ಜನ ಕೂತಿದ್ದರು. ಅವರ ಬೆನ್ನ ಹಿಂದಿನ ಸರಕು ಕೋಣೆಯಲ್ಲಿ, ಇಪ್ಪತ್ತಮೂರು ವರ್ಷ ಕಾದು ಸಿದ್ಧವಾದ ಒಂದು ದೂರದರ್ಶಕವಿತ್ತು.

ಅದೇ ಚಂದ್ರಾ ಎಕ್ಸ್‌ರೇ ವೀಕ್ಷಣಾಲಯ. ಹೆಸರು ಕೇಳಿ ಚಂದ್ರಯಾನದ ಅಣ್ಣನೋ ತಮ್ಮನೋ ಅಂದುಕೊಳ್ಳುವವರು ಈಗಲೂ ಸಿಗುತ್ತಾರೆ. ಚಂದ್ರನಿಗೂ ಇದಕ್ಕೂ ಸಂಬಂಧವಿಲ್ಲ. ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರನ್ನು ಅಮೆರಿಕದ ಗೆಳೆಯರು ಕರೆಯುತ್ತಿದ್ದುದು 'ಚಂದ್ರಾ' ಎಂದು. ಆ ಹೆಸರೇ ದೂರದರ್ಶಕಕ್ಕೆ ಬಂತು.

ಈ ಯಾನದ ಬಗ್ಗೆ ಓದುವಾಗೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತದೆ. ದೂರದರ್ಶಕ ಒಂದು ಯಂತ್ರ. ಅದನ್ನು ಮೇಲಕ್ಕೆ ಕಳಿಸಲು ರಾಕೆಟ್ ಸಾಕು. ಐದು ಜೀವಗಳನ್ನು ಪಣಕ್ಕಿಟ್ಟು ಅದರ ಜೊತೆ ಕೂರಿಸಿದ್ದು ಯಾಕೆ? ಉತ್ತರಕ್ಕೆ ಹೋಗುವ ಮೊದಲು, ಈ ಯಂತ್ರವನ್ನು ಅಷ್ಟು ಮೇಲಕ್ಕೆ ಒಯ್ಯುವ ಅಗತ್ಯವೇ ಏನಿತ್ತು ಅನ್ನುವುದನ್ನು ನೋಡಬೇಕು.

ಹತ್ತು ಮೀಟರ್ ನೀರಿನ ಅಡಿಯಲ್ಲಿ ನಾವು

ಎಕ್ಸ್‌ರೇ ಅಂದಕೂಡಲೇ ನಮಗೆ ನೆನಪಾಗುವುದು ಆಸ್ಪತ್ರೆ. ಕೈಮುರಿದಾಗ ತೆಗೆಸಿದ ಫಿಲ್ಮಿನಲ್ಲಿ ಮಾಂಸ ಮಾಯವಾಗಿ ಮೂಳೆ ಕಾಣುತ್ತದೆ. ಮಾಂಸವನ್ನೇ ಹಾದು ಹೋಗುವ ಕಿರಣಕ್ಕೆ ಗಾಳಿ ಯಾವ ಲೆಕ್ಕ ಅನ್ನಿಸುವುದು ಸಹಜ. ಆದರೆ ನಮ್ಮ ತಲೆಯ ಮೇಲಿರುವ ಗಾಳಿಯನ್ನೆಲ್ಲ ಒತ್ತಿ ನೀರಿನಷ್ಟು ದಟ್ಟ ಮಾಡಿದರೆ ಅದು ಹತ್ತು ಮೀಟರ್ ಆಳದ ಬಾವಿಯಷ್ಟಾಗುತ್ತದೆ. ಕೈಯ ದಪ್ಪ ಒಂದೆರಡು ಅಂಗುಲ. ಹತ್ತು ಮೀಟರ್ ನೀರನ್ನು ಸೀಳಿ ಎಕ್ಸ್‌ರೇ ಕೆಳಗೆ ಬರುವುದಿಲ್ಲ. ನಾವು ಬದುಕಿರುವುದು ಅದರಿಂದಲೇ. ಎಕ್ಸ್‌ರೇ ಖಗೋಳ ವಿಜ್ಞಾನ ಇಷ್ಟು ತಡವಾಗಿ ಹುಟ್ಟಿದ್ದಕ್ಕೂ ಅದೇ ಕಾರಣ.

1962ರ ಜೂನ್‌ನಲ್ಲಿ ವಿಜ್ಞಾನಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೊದಿಂದ ಒಂದು ಸಣ್ಣ ರಾಕೆಟ್ ಹಾರಿಸಿದರು. ವಾತಾವರಣದ ಮೇಲೆ ಅದು ಇದ್ದದ್ದು ಐದಾರು ನಿಮಿಷ ಮಾತ್ರ. ಅಷ್ಟರಲ್ಲೇ ವೃಶ್ಚಿಕ ರಾಶಿಯ ಕಡೆಯಿಂದ ಎಕ್ಸ್‌ರೇ ಸುರಿಯುತ್ತಿರುವುದು ಗೊತ್ತಾಯಿತು. ಸೌರವ್ಯೂಹದ ಆಚೆ ಮೊದಲು ಸಿಕ್ಕ ಎಕ್ಸ್‌ರೇ ಮೂಲ ಅದು. 1970ರಲ್ಲಿ ಕೀನ್ಯಾದ ಕಡಲ ಕರೆಯಿಂದ ಹಾರಿದ 'ಉಹುರು' ಉಪಗ್ರಹ ಇಡೀ ಆಕಾಶವನ್ನು ಎಕ್ಸ್‌ರೇ ಕಣ್ಣಿನಿಂದ ತಡಕಾಡಿತು. ಹೀಗೆ ಕಾಣುವುದು ತಣ್ಣಗೆ ಮಿನುಗುವ ಆಕಾಶವಲ್ಲ. ಲಕ್ಷ, ಕೋಟಿ ಡಿಗ್ರಿಗಳಲ್ಲಿ ಕಾದ ಅನಿಲ, ಸಿಡಿದ ನಕ್ಷತ್ರಗಳ ಚೂರು, ಕಪ್ಪುಕುಳಿಯೊಳಗೆ ಬೀಳುವ ಮುನ್ನ ಸುತ್ತಿಸುತ್ತಿ ಕುದಿಯುವ ದ್ರವ್ಯ, ಇವೆಲ್ಲ ಎಕ್ಸ್‌ರೇಯಲ್ಲಿ ಬೆಳಗುತ್ತವೆ. ನಮ್ಮ ಕಣ್ಣಿಗೆ ಕತ್ತಲೆ ಅನ್ನಿಸುವ ಜಾಗಗಳಲ್ಲೇ ದೊಡ್ಡ ಗಲಾಟೆ ನಡೆದಿರುತ್ತದೆ.

1976ರಲ್ಲಿ ಜಿಯಾಕೋನಿ ಮತ್ತು ಹಾರ್ವೆ ಟನನ್‌ಬಾಮ್ ನಾಸಾದ ಮುಂದೆ ದೊಡ್ಡದೊಂದು ಎಕ್ಸ್‌ರೇ ದೂರದರ್ಶಕದ ಪ್ರಸ್ತಾವ ಇಟ್ಟರು. ಅದು ಹಾರಿದ್ದು 1999ರಲ್ಲಿ. ಜಿಯಾಕೋನಿಗೆ ನೊಬೆಲ್ ಬಂದಿದ್ದು 2002ರಲ್ಲಿ.

ಎಕ್ಸ್‌ರೇಯನ್ನು ಕನ್ನಡಿಯಿಂದ ಬಗ್ಗಿಸುವುದು

ಸಾಮಾನ್ಯ ದೂರದರ್ಶಕದ ಕನ್ನಡಿ ತಟ್ಟೆಯ ಆಕಾರದ್ದು. ಬೆಳಕು ನೇರ ಎದುರಿನಿಂದ ಬಂದು ಬಡಿದು ವಾಪಸಾಗುತ್ತದೆ. ಎಕ್ಸ್‌ರೇಗೆ ಹಾಗೆ ಎದುರು ನಿಂತರೆ ಅದು ಕನ್ನಡಿಯೊಳಕ್ಕೇ ನುಗ್ಗಿ ಹೀರಿಹೋಗುತ್ತದೆ. ಹಾಗಾದರೆ ಅದನ್ನು ತಿರುಗಿಸುವುದು ಹೇಗೆ?

ಕೆರೆಯ ದಂಡೆಯಲ್ಲಿ ಆಡಿ ಬೆಳೆದವರಿಗೆ ಉತ್ತರ ಗೊತ್ತಿದೆ. ಕಲ್ಲನ್ನು ಮೇಲಿನಿಂದ ಹಾಕಿದರೆ ಮುಳುಗುತ್ತದೆ. ಚಪ್ಪಟೆ ಹೆಂಚಿನ ಚೂರನ್ನು ನೀರಿಗೆ ಸವರುವ ಹಾಗೆ ಓರೆಯಾಗಿ ಬೀಸಿದರೆ ಅದು ಕುಪ್ಪಳಿಸಿಕೊಂಡು ಹೋಗುತ್ತದೆ. ಎಕ್ಸ್‌ರೇ ಕೂಡ ಹಾಗೇ. ಕನ್ನಡಿಯ ಮೈಗೆ ಒಂದು ಡಿಗ್ರಿಯ ಆಸುಪಾಸಿನಷ್ಟು ಓರೆಯಲ್ಲಿ ಸವರಿದರೆ ಮಾತ್ರ ಅದು ತಿರುಗುತ್ತದೆ. ಅದಕ್ಕಾಗಿ ಚಂದ್ರಾದ ಕನ್ನಡಿಗಳು ತಟ್ಟೆಯ ಹಾಗಿಲ್ಲ, ತಳವಿಲ್ಲದ ಪೀಪಾಯಿಯ ಹಾಗಿವೆ. ಒಂದರೊಳಗೊಂದು ಕೂರಿಸಿದ ನಾಲ್ಕು ಪೀಪಾಯಿ, ಅವುಗಳ ಹಿಂದೆ ಇನ್ನೂ ನಾಲ್ಕು. ಕಿರಣ ಮೊದಲ ಸಾಲಿನಲ್ಲಿ ಒಮ್ಮೆ, ಎರಡನೆಯದರಲ್ಲಿ ಇನ್ನೊಮ್ಮೆ ಸವರಿಕೊಂಡು ಹತ್ತು ಮೀಟರ್ ಆಚೆ ಒಂದು ಬಿಂದುವಿನಲ್ಲಿ ಸೇರುತ್ತದೆ. ಒಳಮೈಗೆ ಇರಿಡಿಯಂ ಲೋಹದ ತೆಳು ಲೇಪ.

ಇದರಲ್ಲಿ ಒಂದು ನಷ್ಟವಿದೆ. ಅತಿ ಹೊರಗಿನ ಪೀಪಾಯಿಯ ಅಡ್ಡಳತೆ 1.2 ಮೀಟರ್. ಆದರೆ ಎದುರಿನಿಂದ ನೋಡಿದರೆ ಎಕ್ಸ್‌ರೇಗೆ ಕಾಣುವುದು ನಾಲ್ಕು ತೆಳು ಬಳೆಗಳು ಮಾತ್ರ, ಉಳಿದದ್ದು ಬರೀ ಖಾಲಿ. ಆ ಬಳೆಗಳ ಒಟ್ಟು ವಿಸ್ತೀರ್ಣ ಎರಡು ಎ4 ಹಾಳೆಗಿಂತ ಕಡಿಮೆ. ಟನ್ನಿನ ಹತ್ತಿರ ತೂಗುವ ಗಾಜು ಹೊತ್ತು, ಎರಡು ಹಾಳೆಯಷ್ಟು ಕಿಂಡಿಯಿಂದ ಇಣುಕುವುದು!

ಇಷ್ಟಕ್ಕೂ ಇಷ್ಟು ಕಷ್ಟ ಯಾಕೆಂದರೆ ಚಿತ್ರದ ಸ್ಪಷ್ಟತೆಗೆ. ಕನ್ನಡಿಯ ಮೈಯ ಒರಟುತನ ಕೆಲವು ಅಣುಗಳ ಮಟ್ಟಕ್ಕೆ ಇಳಿಯುವ ಹಾಗೆ ಉಜ್ಜಿದ್ದಾರೆ. ಫಲವಾಗಿ ಚಂದ್ರಾ, ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರ ಅರ್ಧ ಪಾಲು, ಅಂದರೆ ಅರ್ಧ ಆರ್ಕ್‌ಸೆಕೆಂಡಿನಷ್ಟು ಸಣ್ಣ ವಿವರ ಬಿಡಿಸಿ ನೋಡಬಲ್ಲದು. ನಾಲ್ಕು ಕಿಲೋಮೀಟರ್ ದೂರದಲ್ಲಿ ಒಂದು ಸೆಂಟಿಮೀಟರ್ ಗಾತ್ರದ ಅಕ್ಷರ ಕಂಡಷ್ಟು ಅದು.

ಕನ್ನಡಿ ಉಜ್ಜಿದವರ ಕಥೆ ಇಲ್ಲಿ ಹೇಳಲೇಬೇಕು. ಹಬಲ್ ದೂರದರ್ಶಕ 1990ರಲ್ಲಿ ಮೇಲೇರಿದ ಮೇಲೆ ಅದರ ಕನ್ನಡಿಯ ಅಂಚು ತಪ್ಪಾಗಿ ಉಜ್ಜಿರುವುದು ಪತ್ತೆಯಾಗಿ ಜಗತ್ತೆಲ್ಲ ನಕ್ಕಿತ್ತು. ತಪ್ಪು ಎರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಎರಡು ಪಾಲು) ಚಿಲ್ಲರೆ. ಕನೆಕ್ಟಿಕಟ್‌ನ ಡ್ಯಾನ್ಬರಿಯಲ್ಲಿ ಅದನ್ನು ಉಜ್ಜಿದ ಕಾರ್ಖಾನೆಯೇ, ಮಾಲೀಕರು ಬದಲಾದ ಮೇಲೆ, ಚಂದ್ರಾದ ಕನ್ನಡಿಗಳನ್ನೂ ಉಜ್ಜಿತು. ಬಿಸಿಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುವ ಹಾಗೆ, ಈ ಸಲ ನಾಸಾ ಕಾಗದದ ಮೇಲಿನ ಲೆಕ್ಕವನ್ನು ನಂಬಲಿಲ್ಲ. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಅರ್ಧ ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಗಾಳಿ ತೆಗೆದು, ಒಂದು ತುದಿಯಲ್ಲಿ ಎಕ್ಸ್‌ರೇ ಹೊತ್ತಿಸಿ, ಇನ್ನೊಂದು ತುದಿಯಲ್ಲಿ ಕನ್ನಡಿಗಳನ್ನಿಟ್ಟು ತಿಂಗಳುಗಟ್ಟಲೆ ಪರೀಕ್ಷಿಸಿದರು. ಹಬಲ್ ವಿಷಯದಲ್ಲಿ ಮಾಡದೇ ಬಿಟ್ಟಿದ್ದ ಪರೀಕ್ಷೆ ಇದೇ ಬಗೆಯದು.

ಹೀಗೆ ಹೆದರಲು ಇನ್ನೊಂದು ಕಾರಣವೂ ಇತ್ತು. ಹಬಲ್ ಕೆಟ್ಟರೆ ರಿಪೇರಿಗೆ ಜನ ಹೋಗಬಹುದಿತ್ತು. 1993ರ ಡಿಸೆಂಬರ್‌ನಲ್ಲಿ ಹೋಗಿ 'ಕನ್ನಡಕ' ಹಾಕಿಯೂ ಬಂದರು. ಚಂದ್ರಾ ಕೆಟ್ಟರೆ ಕೆಟ್ಟ ಹಾಗೆಯೇ.

ರಿಪೇರಿಗೆ ಸಿಗದಷ್ಟು ದೂರ

ಮೂಲ ಯೋಜನೆಯಲ್ಲಿ ಚಂದ್ರಾ ಕೂಡ ಹಬಲ್‌ನಂತೆ ಭೂಮಿಗೆ ಹತ್ತಿರವೇ ಸುತ್ತಬೇಕಿತ್ತು. ಗಗನಯಾತ್ರಿಗಳು ಆಗಾಗ ಹೋಗಿ ಬಿಡಿಭಾಗ ಬದಲಿಸಿ ಬರುವ ಲೆಕ್ಕ. 1992ರಲ್ಲಿ ದುಡ್ಡಿಗೆ ಕತ್ತರಿ ಬಿತ್ತು. ಹನ್ನೆರಡು ಕನ್ನಡಿ ಎಂಟಾದವು, ಆರು ಉಪಕರಣ ನಾಲ್ಕಾದವು. ಕನ್ನಡಿ ಕಡಿಮೆಯಾದ ನಷ್ಟ ತುಂಬಲು ಕಕ್ಷೆಯನ್ನೇ ಬದಲಿಸಿದರು. ಭೂಮಿಗೆ ಹತ್ತಿರ ಸುತ್ತುವ ದೂರದರ್ಶಕಕ್ಕೆ ಅರ್ಧ ಆಕಾಶವನ್ನು ಭೂಮಿಯೇ ಮುಚ್ಚಿರುತ್ತದೆ. ಹೊಸ ಕಕ್ಷೆ ಮೊಟ್ಟೆಯಂತೆ ಉದ್ದನೆಯದು. ಹತ್ತಿರ ಬಂದಾಗ ಸುಮಾರು 10,000 ಕಿಲೋಮೀಟರ್, ದೂರ ಹೋದಾಗ 1,40,000 ಕಿಲೋಮೀಟರ್. ಚಂದ್ರನ ದಾರಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಒಂದು ಸುತ್ತಿಗೆ 64 ಗಂಟೆ. ಅದರಲ್ಲಿ ಐವತ್ತಕ್ಕೂ ಹೆಚ್ಚು ಗಂಟೆ ಒಂದೇ ಕಡೆ ಕಣ್ಣು ನೆಟ್ಟು ಕೂರಬಹುದು.

ಬಡತನದಲ್ಲಿ ಮಾಡಿದ ಈ ರಾಜಿ ವಿಜ್ಞಾನಕ್ಕೆ ಲಾಭವೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಶಟಲ್ ಏರಬಲ್ಲದ್ದು ಕೆಲವು ನೂರು ಕಿಲೋಮೀಟರ್ ಮಾತ್ರ. ಅಂದರೆ ಗಗನಯಾತ್ರಿಗಳ ಪಾಲಿಗೆ ಉಳಿದದ್ದು ಇಷ್ಟೇ: ನೆಂಟರನ್ನು ಊರ ಗಡಿಯವರೆಗೆ ಹೋಗಿ ಬಸ್ಸು ಹತ್ತಿಸಿ ಬರುವುದು. ಆಮೇಲಿನ ದಾರಿ ಅವರದ್ದೇ.

ಹಾಗಿದ್ದರೂ ಜನರನ್ನು ಯಾಕೆ ಕಳಿಸಿದರು? ಒಂದು ಕಾರಣ ಹಳೆಯ ಹಂಗು. ಈ ದೂರದರ್ಶಕ ಶಟಲ್‌ನ ಸರಕು ಕೋಣೆಯ ಅಳತೆಗೇ ಹುಟ್ಟಿದ್ದು. ಇನ್ನೊಂದು, ಆ ಹೊತ್ತಿನಲ್ಲಿ ಅಮೆರಿಕದ ದೊಡ್ಡ ರಾಕೆಟ್ಟುಗಳ ಗ್ರಹಚಾರ ನೆಟ್ಟಗಿರಲಿಲ್ಲ. 1998ರ ಆಗಸ್ಟ್‌ನಿಂದ 1999ರ ಏಪ್ರಿಲ್‌ವರೆಗೆ ಮೂರು ಟೈಟನ್-4 ಉಡಾವಣೆಗಳು ಸಾಲಾಗಿ ಕೈಕೊಟ್ಟವು. ಮೂರನೆಯದು, ಮನುಷ್ಯರ ಕೈ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ. ಹಬಲ್ ಬಿಡುವಾಗ ಅದರ ಒಂದು ಸೌರಫಲಕ ಅರ್ಧಕ್ಕೆ ನಿಂತುಬಿಟ್ಟಿತ್ತು. ಬ್ರೂಸ್ ಮೆಕ್ಯಾಂಡ್ಲೆಸ್ ಮತ್ತು ಕ್ಯಾಥರಿನ್ ಸುಲಿವನ್ ಅಂತರಿಕ್ಷ ಉಡುಪು ತೊಟ್ಟು, ಬಾಗಿಲು ತೆಗೆದರೆ ಹೊರಬೀಳುವಷ್ಟು ತಯಾರಾಗಿ ಕಾದಿದ್ದರು. ಅಷ್ಟರಲ್ಲಿ ನೆಲದ ಮೇಲಿನವರು ತಂತ್ರಾಂಶದ ತಂಟೆ ಬಿಡಿಸಿದರು. ಅಂದು ಯಾಂತ್ರಿಕ ಕೈಯಿಂದ ಹಬಲನ್ನು ಎತ್ತಿ ಹಿಡಿದಿದ್ದ ಸ್ಟೀವನ್ ಹಾಲಿ, ಚಂದ್ರಾ ಯಾನದಲ್ಲೂ ಇದ್ದರು.

ಉಳಿದ ನಾಲ್ವರು: ಪೈಲಟ್ ಜೆಫ್ರಿ ಆಶ್ಬಿ, ರಸಾಯನ ವಿಜ್ಞಾನಿ ಕ್ಯಾಥರಿನ್ ಕೋಲ್ಮನ್, ಫ್ರಾನ್ಸಿನ ಮಿಷೆಲ್ ಟೊನಿನಿ, ಮತ್ತು ಕಮಾಂಡರ್ ಐಲೀನ್ ಕಾಲಿನ್ಸ್. ಅಮೆರಿಕದ ಬಾಹ್ಯಾಕಾಶ ಯಾನವೊಂದಕ್ಕೆ ಮಹಿಳೆ ಕಮಾಂಡರ್ ಆದದ್ದು ಅದೇ ಮೊದಲು. ಪತ್ರಿಕೆಗಳು ಬರೆದದ್ದೆಲ್ಲ ಅದರ ಬಗ್ಗೆಯೇ. ಅವರು ಆ ರಾತ್ರಿ ಏನನ್ನು ನಿಭಾಯಿಸಿದರು ಅನ್ನುವುದು ಹೊರಗಿನವರಿಗೆ ತಿಳಿದದ್ದು ಆಮೇಲೆ.

ಮೂರನೇ ಸಲ

ದೂರದರ್ಶಕವನ್ನು ಶಟಲ್‌ನಿಂದ ಮುಂದಕ್ಕೆ ಒಯ್ಯಬೇಕಾದದ್ದು ಐಯುಎಸ್ ಎಂಬ ಎರಡು ಹಂತದ ಘನ ಇಂಧನ ರಾಕೆಟ್. ಚಂದ್ರಾ ಹಾರುವ ಮೂರು ತಿಂಗಳ ಮುಂಚೆ, ಏಪ್ರಿಲ್ 9ರಂದು, ಇದೇ ಬಗೆಯ ಐಯುಎಸ್ ಒಂದು ಮಿಲಿಟರಿ ಉಪಗ್ರಹವನ್ನು ತಪ್ಪು ಕಕ್ಷೆಯಲ್ಲಿ ಬಿಟ್ಟುಬಿಟ್ಟಿತ್ತು. ಅದರ ಎರಡು ಹಂತಗಳು ಸರಿಯಾಗಿ ಬೇರ್ಪಡಲಿಲ್ಲ. ಶಾಖ ತಡೆಯಲು ಸುತ್ತಿದ್ದ ಟೇಪು ಕೂಡುಭಾಗವನ್ನು ಬಿಗಿದುಕೊಂಡಿತ್ತಂತೆ. ಅದರ ತನಿಖೆ ಮುಗಿಯುವವರೆಗೆ ಚಂದ್ರಾ ಕಾಯಬೇಕಾಯಿತು.

ಜುಲೈ 20. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಸರಿಯಾಗಿ ಮೂವತ್ತು ವರ್ಷ. ನೋಡಲು ಗಣ್ಯರೆಲ್ಲ ಬಂದಿದ್ದರು. ಎಣಿಕೆ ಏಳು ಸೆಕೆಂಡಿಗೆ ಇಳಿದಾಗ, ಎಂಜಿನ್ ಹೊತ್ತಿಕೊಳ್ಳಲು ಅರ್ಧ ಸೆಕೆಂಡು ಇರುವಾಗ, ಒಬ್ಬ ಎಂಜಿನಿಯರ್ 'ನಿಲ್ಲಿಸಿ' ಅಂದರು. ನೌಕೆಯ ಹಿಂಬದಿಯಲ್ಲಿ ಜಲಜನಕ ಸೋರುತ್ತಿದೆ ಎಂದು ಮಾಪಕ ತೋರಿಸುತ್ತಿತ್ತು. ಆಮೇಲೆ ನೋಡಿದರೆ ಸೋರಿಕೆ ಇರಲಿಲ್ಲ, ಮಾಪಕ ಸುಳ್ಳು ಹೇಳಿತ್ತು. ಎರಡು ದಿನ ಬಿಟ್ಟು ಮತ್ತೆ ಹೊರಟರೆ ಗುಡುಗು ಮಿಂಚು. ಮೂರನೇ ಸಲ, 23ರ ನಡುರಾತ್ರಿ, ಎಲ್ಲ ಮಾಪಕಗಳೂ ಸರಿಯಿದ್ದವು. ನಿಜವಾದ ಸೋರಿಕೆ ಆದದ್ದು ಆಗ.

ಮೊಳೆಯ ವಿಷಯಕ್ಕೆ ಬರೋಣ. ಶಟಲ್ ಎಂಜಿನ್ನಿನ ತಲೆಯಲ್ಲಿ ಆಮ್ಲಜನಕ ಚಿಮ್ಮಿಸುವ ನೂರಾರು ಸಣ್ಣ ಕೊಳವೆಗಳಿವೆ. ಯಾವುದಾದರೂ ಕೊಳವೆಯ ಮೇಲೆ ಅನುಮಾನ ಬಂದರೆ ಅದಕ್ಕೊಂದು ಬೆಣೆ ಬಡಿದು ಮುಚ್ಚಿಬಿಡುವುದು ರೂಢಿ. ನೂರಾರರಲ್ಲಿ ಒಂದು ಮುಚ್ಚಿದರೆ ಏನೂ ಆಗದು. ಚಿನ್ನದ ಲೇಪದ ಮೊಳೆ ಅಂದೆನಲ್ಲ, ಅದೇ ಈ ಬೆಣೆ. ಬಲಗಡೆ ಎಂಜಿನ್ ಹೊತ್ತಿದಾಗ ಅದು ಕಿತ್ತುಬಂತು.

ಎಂಜಿನ್ನಿನ ಗಂಟೆಯಾಕಾರದ ಬಾಯಿ ಒಂದೇ ತಗಡಲ್ಲ. 1,080 ಸಣ್ಣ ಕೊಳವೆಗಳನ್ನು ಪಕ್ಕಪಕ್ಕದಲ್ಲಿ ಬೆಸೆದು ಮಾಡಿದ ಗೋಡೆ ಅದು. ಒಳಗೆ ಮೂರು ಸಾವಿರ ಡಿಗ್ರಿ ಮೀರಿದ ಬೆಂಕಿ. ಕೊಳವೆಗಳೊಳಗೆ ಸೊನ್ನೆಗಿಂತ 250 ಡಿಗ್ರಿಯಷ್ಟು ಕೆಳಗಿನ ಚಳಿಯಿಂದ ಹೊರಟ ಜಲಜನಕ ಹರಿದು ಗೋಡೆ ಕರಗದಂತೆ ಕಾಯುತ್ತದೆ. ಬೆಣೆ ಬಡಿದ ಏಟಿಗೆ ಇಂಥ ಮೂರು ಕೊಳವೆ ಹರಿದವು. 1,080ರಲ್ಲಿ ಮೂರು. ಇನ್ನೂ ಕೆಲವು ಹರಿದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಜಲಜನಕ ಸೋರಿದಂತೆ ಎಂಜಿನ್ನಿನ ಒತ್ತಡ ಕುಸಿಯಬೇಕು. ಆದರೆ ಎಂಜಿನ್ನಿನ ಕಂಪ್ಯೂಟರಿಗೆ ಒತ್ತಡವನ್ನು ಒಂದೇ ಮಟ್ಟದಲ್ಲಿ ಕಾಯುವ ಆಜ್ಞೆ ಇದೆ. ಅದು ಆಮ್ಲಜನಕದ ಕವಾಟವನ್ನು ಇನ್ನಷ್ಟು ತೆರೆಯಿತು. ಎಂಜಿನ್ ಹೆಚ್ಚು ಕಾಯಿತು, ಆಮ್ಲಜನಕ ಹೆಚ್ಚು ಖರ್ಚಾಗತೊಡಗಿತು. ಒಲೆಯ ಉರಿ ಇಳಿಯದಿರಲಿ ಎಂದು ಸೌದೆ ತುರುಕುತ್ತ ಹೋದರೆ ಅಡುಗೆ ಮುಗಿಯುವ ಮುಂಚೆ ಸೌದೆ ಮುಗಿಯುವ ಹಾಗೆ.

ಇದು ಒಂದು. ಇದಕ್ಕೆ ಏನೇನೂ ಸಂಬಂಧವಿಲ್ಲದ ಎರಡನೆಯದು, ನೆಲ ಬಿಟ್ಟ ಐದನೇ ಸೆಕೆಂಡಿಗೆ ನಡೆಯಿತು. ಸರಕು ಕೋಣೆಯ ಅಡಿಯಲ್ಲಿ ಹಾದುಹೋಗುವ ಒಂದು ವಿದ್ಯುತ್ ತಂತಿ, ಒರಟು ಅಂಚಿದ್ದ ಒಂದು ಸ್ಕ್ರೂ ತಲೆಗೆ ತಾಗಿಕೊಂಡಿತ್ತು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಅದರ ಹೊದಿಕೆ ಸವೆದಿತ್ತು. ಉಡಾವಣೆಯ ಅದುರಿಗೆ ತಾಮ್ರ ಹೋಗಿ ಲೋಹಕ್ಕೆ ತಗುಲಿತು: ಶಾರ್ಟ್ ಸರ್ಕ್ಯೂಟ್.

ಹಳ್ಳಿಯಲ್ಲಿ ಪಂಪ್‌ಸೆಟ್ ಇರುವವರಿಗೆ 'ಒಂದು ಫೇಸ್ ಹೋಯ್ತು' ಅನ್ನುವ ಮಾತು ಹೊಸದಲ್ಲ. ಕೊಲಂಬಿಯಾದಲ್ಲಿ ಆದದ್ದೂ ಅದೇ. ನೌಕೆಯಲ್ಲಿ ಮೂರು ಬೇರೆ ಬೇರೆ ಎಸಿ ಲೈನುಗಳಿದ್ದವು. ಪ್ರತಿ ಎಂಜಿನ್ನಿಗೂ ಎರಡೆರಡು ಕಂಪ್ಯೂಟರ್. ಎರಡಕ್ಕೂ ಕರೆಂಟು ಬೇರೆ ಬೇರೆ ಲೈನಿನಿಂದ. ಒಂದನೇ ಲೈನಿನ ಒಂದು ಫೇಸ್ ಕ್ಷಣಕಾಲ ಕುಸಿದಾಗ ನಡುವಿನ ಎಂಜಿನ್ನಿನ ಮುಖ್ಯ ಕಂಪ್ಯೂಟರ್ ಸತ್ತಿತು, ಬಲಗಡೆ ಎಂಜಿನ್ನಿನ ಬದಲಿ ಕಂಪ್ಯೂಟರ್ ಸತ್ತಿತು. ನಡುವಿನದನ್ನು ಬದಲಿ ಕಂಪ್ಯೂಟರ್ ಕೂಡಲೇ ವಹಿಸಿಕೊಂಡಿತು. ಎಂಜಿನ್ನುಗಳು ಒಂದಿಷ್ಟೂ ತಡವರಿಸಲಿಲ್ಲ. ಆದರೆ ಈಗ ಮೂರರಲ್ಲಿ ಎರಡು ಎಂಜಿನ್ನುಗಳಿಗೆ ಆಸರೆ ಇಲ್ಲ. ಆ ಎರಡರಲ್ಲಿ ಒಂದಕ್ಕೆ ತೂತು ಬಿದ್ದಿದೆ, ಅದು ಇನ್ನೂ ಯಾರಿಗೂ ಗೊತ್ತಿಲ್ಲ.

ಒಳಗೆ ಕೂತವರಿಗೆ ಕಂಡದ್ದು ಪರದೆಯ ಮೇಲಿನ ಎಚ್ಚರಿಕೆ. ಕಾಲಿನ್ಸ್ ಅದನ್ನು ನೆಲದ ನಿಯಂತ್ರಣ ಕೇಂದ್ರವಾದ ಹ್ಯೂಸ್ಟನ್‌ಗೆ ಹೇಳಿದರು, ಧ್ವನಿಯಲ್ಲಿ ಏರಿಳಿತವಿಲ್ಲ. ನೆಲದಿಂದ ಬಂದ ಸೂಚನೆ: ಎಸಿ ಲೈನಿನ ಸಂವೇದಕಗಳನ್ನು ಆಫ್ ಮಾಡಿ. ಕೇಳಲು ವಿಚಿತ್ರ. ಸಮಸ್ಯೆ ಬಂದಾಗ ಕಾವಲುಗಾರನನ್ನೇ ಮಲಗಿಸುವುದೇ? ಆದರೆ ಆ ಸಂವೇದಕಗಳು ವೋಲ್ಟೇಜು ಏರುಪೇರಾದರೆ ಇಡೀ ಲೈನನ್ನೇ ಕಡಿದುಹಾಕುವಂಥವು. ಗಾಬರಿಯಲ್ಲಿ ಒಂದು ಒಳ್ಳೆಯ ಲೈನನ್ನು ಕಡಿದರೂ ಎಂಜಿನ್ ನಿಲ್ಲುತ್ತದೆ. ಅದಕ್ಕೆ ಅವುಗಳ ಬಾಯಿ ಮುಚ್ಚಿಸಿದರು.

ಎಂಜಿನ್ ನಿಂತಿದ್ದರೆ? ಮೊದಲ ಕೆಲವು ನಿಮಿಷಗಳಲ್ಲಿ ಒಂದು ಎಂಜಿನ್ ನಿಂತರೆ ಶಟಲ್ ಮಾಡಬೇಕಾದದ್ದು ಹೀಗೆ: ಪಕ್ಕದ ಬೂಸ್ಟರುಗಳು ಉರಿದು ಬೀಳುವವರೆಗೆ ಕಾಯಬೇಕು, ಆಮೇಲೆ ಶಬ್ದದ ವೇಗದ ಹಲವು ಪಟ್ಟು ಓಡುತ್ತಿರುವಾಗಲೇ ಮೂತಿ ಹಿಂದಕ್ಕೆ ತಿರುಗಿಸಿ, ತಾನು ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಎಂಜಿನ್ ಉರಿಸಿ, ಟ್ಯಾಂಕು ಕಳಚಿ, ಹೊರಟ ಜಾಗಕ್ಕೇ ತೇಲಿ ಬಂದಿಳಿಯಬೇಕು. 135 ಶಟಲ್ ಯಾನಗಳಲ್ಲಿ ಒಮ್ಮೆಯೂ ಯಾರೂ ಇದನ್ನು ಮಾಡಿ ನೋಡಲಿಲ್ಲ. ಅದೂ ಈ ಸಲ ಹೊಟ್ಟೆಯಲ್ಲಿ ಚಂದ್ರಾ, ಐಯುಎಸ್, ಅವುಗಳ ಸಲಕರಣೆ ಸೇರಿ 22,753 ಕಿಲೋ. ಶಟಲ್ ಹೊತ್ತೊಯ್ದ ಸರಕುಗಳಲ್ಲೇ ಅತಿ ಭಾರದ್ದು. ಕೊಲಂಬಿಯಾ ಆಮೇಲೆ ಬಂದ ಶಟಲ್‌ಗಳಿಗಿಂತ ತಾನೂ ಭಾರ.

ಎಂಟೂವರೆ ನಿಮಿಷ ಎಂಜಿನ್ನುಗಳು ಉರಿದವು. ಕೊನೆಗೆ ಆಮ್ಲಜನಕ ಮುಗಿಯುತ್ತ ಬಂದಿದೆ ಎಂದು ಟ್ಯಾಂಕಿನ ಸಂವೇದಕಗಳು ಹೇಳಿದಾಗ ಕಂಪ್ಯೂಟರುಗಳು ಎಂಜಿನ್ನುಗಳನ್ನು ತುಸು ಮೊದಲೇ ಆರಿಸಿದವು. ಬೇಕಿದ್ದ ವೇಗಕ್ಕೆ ಸೆಕೆಂಡಿಗೆ ನಾಲ್ಕೂವರೆ ಮೀಟರಿನಷ್ಟು ಕೊರತೆ. ಸೆಕೆಂಡಿಗೆ ಏಳು ಕಿಲೋಮೀಟರಿಗೂ ಮೀರಿ ಓಡುವ ನೌಕೆಗೆ ಅದು ಸೈಕಲ್ ತುಳಿಯುವಷ್ಟು ವೇಗ. ನೌಕೆಯ ಸಣ್ಣ ಎಂಜಿನ್ನುಗಳು ತುಂಬಿಕೊಟ್ಟವು. ಸೋರಿಕೆ ಪಕ್ಕಾ ಆದದ್ದು ಆಮೇಲೆ: ದೂರದ ಕ್ಯಾಮೆರಾಗಳು ಹಿಡಿದ ಚಿತ್ರಗಳಲ್ಲಿ ಬಲಗಡೆ ಎಂಜಿನ್ನಿನ ಬಾಯಲ್ಲಿ ಒಂದು ಹೊಳೆಯುವ ಗೆರೆ ಕಂಡಿತು, ಇಳಿದ ಮೇಲೆ ನೋಡಿದಾಗ ಹರಿದ ಕೊಳವೆಗಳು ಸಿಕ್ಕವು. ತಂತಿಯ ಕಾರಣಕ್ಕೆ ಎಲ್ಲ ಶಟಲ್‌ಗಳನ್ನೂ ನಿಲ್ಲಿಸಿ ತಂತಿ ತಂತಿಯನ್ನೂ ತಡಕಿದರು. ಮುಂದಿನ ಯಾನ ಹೊರಟದ್ದು ಡಿಸೆಂಬರ್‌ನಲ್ಲಿ.

ಬೆಣೆ ಒಂದು ಇಲಾಖೆಯದ್ದು, ತಂತಿ ಇನ್ನೊಂದರದ್ದು. ಎರಡೂ ಒಂದೇ ರಾತ್ರಿ, ಹತ್ತು ಹನ್ನೆರಡು ಸೆಕೆಂಡಿನ ಅಂತರದಲ್ಲಿ. 'ಎರಡು ದೋಷ ಒಟ್ಟಿಗೆ ಬರುವ ಸಾಧ್ಯತೆ ತೀರಾ ಕಡಿಮೆ' ಎಂದು ಯಾರಾದರೂ ಸ್ಲೈಡು ತೋರಿಸುವಾಗ ನನಗೆ ಈ ಉಡಾವಣೆ ನೆನಪಾಗುತ್ತದೆ.

ಬಿಟ್ಟುಕೊಟ್ಟದ್ದು

ಕಕ್ಷೆ ಸೇರಿದ ಮೇಲೆ ಐವರಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ. ಸರಕು ಕೋಣೆಯ ಬಾಗಿಲು ತೆರೆದು ಚಂದ್ರಾವನ್ನು ಪರೀಕ್ಷಿಸಬೇಕು, ಅದು ಮಲಗಿದ್ದ ತೊಟ್ಟಿಲನ್ನು 58 ಡಿಗ್ರಿಗೆ ಎತ್ತಬೇಕು, ನೌಕೆಯಿಂದ ಕರೆಂಟು ಕೊಡುತ್ತಿದ್ದ ಕೇಬಲ್ ಕಳಚಬೇಕು. ಕೇಬಲ್ ಕಳಚಿದ ಗಳಿಗೆಯಿಂದ ಅದು ಬ್ಯಾಟರಿಯ ಮೇಲೆ. ಕೋಲ್ಮನ್ ಮತ್ತು ಟೊನಿನಿ ಬೇಕಾದರೆ ಹೊರಗೆ ಹೋಗಿ ಕೈಯಿಂದಲೇ ಬಿಡಿಸುವ ತರಬೇತಿ ಪಡೆದಿದ್ದರು, ಬೇಕಾಗಲಿಲ್ಲ. ಉಡಾವಣೆಯಾಗಿ ಏಳು ಗಂಟೆ ಹದಿನೇಳು ನಿಮಿಷಕ್ಕೆ ಕೋಲ್ಮನ್ ಸ್ವಿಚ್ ಒತ್ತಿದರು. ಸ್ಪ್ರಿಂಗುಗಳು ಮೆಲ್ಲಗೆ ತಳ್ಳಿದವು. ಐಯುಎಸ್ ಜೊತೆ ಸೇರಿ 17 ಮೀಟರಿಗೂ ಉದ್ದದ ಆ ಕಂಬ ನೌಕೆಯ ಕಿಟಕಿಗಳ ಮೇಲಿಂದ ತೇಲಿಕೊಂಡು ಹೋಯಿತು. ಕಾಲಿನ್ಸ್ ಮತ್ತು ಆಶ್ಬಿ ಕೊಲಂಬಿಯಾವನ್ನು ಹಿಂದಕ್ಕೆ ಸರಿಸಿದರು. ರಾಕೆಟ್ ಹೊತ್ತಿಕೊಂಡಾಗ ಅದರ ಹಿಂದೆ ನಿಂತಿರಬಾರದು.

ಸುಮಾರು ಒಂದು ಗಂಟೆಯ ನಂತರ ಐಯುಎಸ್‌ನ ಎರಡು ಹಂತಗಳು ಒಂದಾದ ಮೇಲೊಂದು ಎರಡೆರಡು ನಿಮಿಷ ಉರಿದವು. ಈ ಸಲ ಯಾವ ಟೇಪೂ ಅಡ್ಡ ಬರಲಿಲ್ಲ. ಆಮೇಲೆ ಚಂದ್ರಾ ತನ್ನದೇ ಎಂಜಿನ್ನುಗಳನ್ನು ಐದು ಸಲ ಉರಿಸಿ, ಆಗಸ್ಟ್ 7ರ ಹೊತ್ತಿಗೆ ತನ್ನ ಕಕ್ಷೆ ಸೇರಿತು. ಕೊಲಂಬಿಯಾ ಐದು ದಿನ ತುಂಬುವ ಮೊದಲೇ, ಜುಲೈ 27ರ ರಾತ್ರಿ, ಫ್ಲಾರಿಡಾದಲ್ಲಿ ಇಳಿದಿತ್ತು. ಅದೇ ಕೊಲಂಬಿಯಾ 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನರೊಂದಿಗೆ ಆಕಾಶದಲ್ಲಿ ಛಿದ್ರವಾಯಿತು. ಆ ದುರಂತದ ನಂತರ 2005ರಲ್ಲಿ ಮತ್ತೆ ಹಾರಿದ ಮೊದಲ ಶಟಲ್‌ಗೆ ಕಮಾಂಡರ್ ಆದವರು ಕಾಲಿನ್ಸ್.

ಗಡಿ ದಾಟಿದ ಮೇಲೆ ಚಂದ್ರಾಗೂ ಸುಲಭವಿರಲಿಲ್ಲ. ಭೂಮಿಯ ಸುತ್ತ ವಿಕಿರಣದ ಪಟ್ಟಿಗಳಿವೆ. ಪ್ರತಿ ಸುತ್ತಿನಲ್ಲೂ ಅದು ಅವುಗಳೊಳಗಿಂದ ಹಾದುಬರಬೇಕು. ಎಕ್ಸ್‌ರೇಯನ್ನು ಸವರಿ ತಿರುಗಿಸುವ ಆ ಜಾಣ ಕನ್ನಡಿಗಳು, ಕಡಿಮೆ ಶಕ್ತಿಯ ಪ್ರೋಟಾನ್‌ಗಳನ್ನೂ ಹಾಗೆಯೇ ತಿರುಗಿಸಿ ನೇರ ಕ್ಯಾಮೆರಾ ಚಿಪ್ಪುಗಳ ಮೇಲೆ ಸುರಿದವು. ಮೊದಲ ಕೆಲವೇ ವಾರಗಳಲ್ಲಿ ಚಿಪ್ಪುಗಳ ಕಣ್ಣು ಮಂಜಾಗತೊಡಗಿತು. ರಿಪೇರಿಗೆ ಹೋಗುವವರು ಯಾರೂ ಇಲ್ಲ. ನೆಲದ ಮೇಲಿನವರು ಕಂಡುಕೊಂಡ ಉಪಾಯ ನಮ್ಮ ಅಜ್ಜಿಯಂದಿರದ್ದು: ಮೋಡ ಕವಿದಾಗ ಅಂಗಳದ ಹಪ್ಪಳ ಒಳಗೆ ತರುವುದು. ಪಟ್ಟಿ ಹತ್ತಿರ ಬಂದಾಗೆಲ್ಲ ಆ ಕ್ಯಾಮೆರಾವನ್ನು ಕನ್ನಡಿಯ ಎದುರಿನಿಂದ ಸರಿಸಿ ಮರೆಯಲ್ಲಿಡುತ್ತಾರೆ, ದಾಟಿದ ಮೇಲೆ ಮತ್ತೆ ತರುತ್ತಾರೆ. ಐದು ವರ್ಷ ಬಾಳಿದರೆ ಸಾಕು ಅಂದುಕೊಂಡಿದ್ದ ದೂರದರ್ಶಕ ಇಪ್ಪತ್ತೈದು ವರ್ಷ ದಾಟಿತು. ಆಕಾಶದ ಒಂದೇ ಪುಟ್ಟ ತುಂಡನ್ನು ಒಟ್ಟು 70 ಲಕ್ಷ ಸೆಕೆಂಡು, ಅಂದರೆ 81 ದಿನದಷ್ಟು ಹೊತ್ತು ದಿಟ್ಟಿಸಿದ ದಾಖಲೆಯೂ ಅದರ ಹೆಸರಿನಲ್ಲಿದೆ.

ನಮ್ಮ ಕಡೆಯ ಒಂದು ಎಳೆಯೂ ಇದೆ. ಚಂದ್ರಶೇಖರ್ ಅವರ ಚಿಕ್ಕಪ್ಪ ಸರ್ ಸಿ.ವಿ. ರಾಮನ್. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ ತಯಾರಿಸಿದ 'ಪೋಲಿಕ್ಸ್' ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿತು. ಅದೂ ನೋಡುವುದು ಎಕ್ಸ್‌ರೇಯನ್ನೇ. ಅದರ ಜೊತೆ ಯಾರೂ ಗಡಿಯವರೆಗೆ ಹೋಗಲಿಲ್ಲ. ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ಒಂದೇ ಸಾಕಾಯಿತು.

ಹತ್ತೊಂಬತ್ತರ ಹುಡುಗ ಚಂದ್ರಶೇಖರ್ 1930ರಲ್ಲಿ ಓದಲು ಇಂಗ್ಲೆಂಡಿಗೆ ಹೊರಟಾಗ, ಹಡಗಿನಲ್ಲಿ ಕೂತು ಒಂದು ಲೆಕ್ಕ ಹಾಕಿದ. ಉರಿದು ಮುಗಿದ ನಕ್ಷತ್ರದ ತಿರುಳು ಒಂದು ಮಿತಿಗಿಂತ ಭಾರವಿದ್ದರೆ ಅದು ಶ್ವೇತ ಕುಬ್ಜವಾಗಿ, ಅಂದರೆ ಪುಟ್ಟ ದಟ್ಟ ಗೋಳವಾಗಿ, ತಣ್ಣಗೆ ಉಳಿಯಲಾರದು, ಕುಸಿಯುತ್ತಲೇ ಹೋಗಬೇಕು. ಲೆಕ್ಕ ಮುಂದೆ ಪಕ್ಕಾ ಆದಾಗ ಆ ಮಿತಿ ಸೂರ್ಯನ 1.4 ಪಟ್ಟು ಎಂದಾಯಿತು. 1935ರಲ್ಲಿ ಲಂಡನ್ನಿನಲ್ಲಿ ಆ ಕಾಲದ ದೊಡ್ಡ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಅದನ್ನು ಗೇಲಿ ಮಾಡಿದರು. ನೊಬೆಲ್ ಬಂದದ್ದು 1983ರಲ್ಲಿ. ಚಂದ್ರಶೇಖರ್ 1995ರಲ್ಲಿ ತೀರಿಕೊಂಡರು. ತಮ್ಮ ಹೆಸರಿನ ದೂರದರ್ಶಕ ನೋಡಲಿಲ್ಲ.

1999ರ ಆಗಸ್ಟ್ 26ರಂದು ನಾಸಾ ಚಂದ್ರಾದ ಮೊದಲ ಚಿತ್ರಗಳನ್ನು ತೋರಿಸಿತು. ಒಂದರಲ್ಲಿ ಇದ್ದದ್ದು ಕ್ಯಾಸಿಯೋಪಿಯಾ-ಎ, ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರವೊಂದರ ಹರಕು ಹೊಗೆಯ ಉಂಗುರ. ಹಳೆಯ ದೂರದರ್ಶಕಗಳು ಅದನ್ನು ಎಷ್ಟೋ ಸಲ ನೋಡಿದ್ದವು. ಈ ಚಿತ್ರದಲ್ಲಿ ಮಾತ್ರ ಉಂಗುರದ ನಡುಮಧ್ಯೆ ಒಂದು ಚುಕ್ಕೆ ಇತ್ತು. ಮೊದಲು ಅದು ಏನೆಂದು ವಾದವಾಯಿತು. ಈಗ ಅದು ನ್ಯೂಟ್ರಾನ್ ನಕ್ಷತ್ರವೆಂದು ಗೊತ್ತು. ಹಡಗಿನ ಮೇಲಿನ ಆ ಲೆಕ್ಕದ ಮಿತಿಯನ್ನು ದಾಟಿದ ತಿರುಳು, ಕುಸಿದು ಉಳಿದದ್ದು.